ಬಾಟ್ ಬರೆದ ಲಾಗ್ ಓದುವ ಬಗೆ: ನನ್ನ ಅನುಭವ

ನನ್ನ ಪರವಾಗಿ ತಾನೇ ಷೇರು ಕೊಳ್ಳುವ, ಮಾರುವ ಪ್ರೋಗ್ರಾಂ ಬಾಟ್; ಅದು ಹೆಜ್ಜೆಹೆಜ್ಜೆಗೂ ಬರೆದಿಡುವ ಸಾಲುಗಳ ಫೈಲೇ ಲಾಗ್. ದಿನದ ವಹಿವಾಟು ಮುಗಿದ ಮೇಲೆ ನಾನು ಲಾಗ್ ಫೈಲ್ ತೆರೆಯುವ ಮೊದಲು ಒಂದು ಲೆಕ್ಕ ಹಾಕುತ್ತೇನೆ. ಬೆಳಗಿನ ಪೊಸಿಷನ್‌ಗೆ, ಅಂದರೆ ಕೈಯಲ್ಲಿರುವ ಷೇರುಗಳ ಸಂಖ್ಯೆಗೆ, ದಿನದ ಖರೀದಿ ಕೂಡಿಸಿ, ಮಾರಾಟ ಕಳೆದರೆ ಸಂಜೆಯ ಪೊಸಿಷನ್ ಬರಬೇಕು. ಬಾಟ್ ಇಟ್ಟುಕೊಂಡ ಲೆಕ್ಕ ಮತ್ತು ಬ್ರೋಕರ್ ಕೊಟ್ಟ ಸ್ಟೇಟ್‌ಮೆಂಟ್ ಎರಡರಲ್ಲೂ ಅದೇ ಅಂಕಿ ಇರಬೇಕು. ಒಂದು ಷೇರಿನಷ್ಟು ವ್ಯತ್ಯಾಸ ಕಂಡರೂ ಯಾವ ಷೇರು, ಎಷ್ಟು ಎಂಬ ಸುಳಿವು ಕೈಗೆ ಸಿಕ್ಕಿತು. ಆ ಸುಳಿವಿಲ್ಲದೆ ಸಾವಿರಾರು ಸಾಲುಗಳನ್ನು ಮೇಲಿಂದ ಕೆಳಗೆ ಓದುತ್ತಾ ಹೋದರೆ ಕಣ್ಣು ದಣಿಯುತ್ತದೆ, ತಪ್ಪು ಸಿಗುವುದಿಲ್ಲ.

ಬಾಟ್‌ನ ಲಾಗ್ ಹೇಳುವುದು ಬಾಟ್ ಏನು ಮಾಡಲು ಹೊರಟಿತ್ತು ಎಂಬುದನ್ನು. ಏನಾಯಿತು ಎಂಬುದು ಇರುವುದು ಎಕ್ಸ್‌ಚೇಂಜ್‌ನಿಂದ ಬಂದ ಉತ್ತರದಲ್ಲಿ. ಎರಡನ್ನೂ ಆರ್ಡರ್ ಐಡಿ ಹಿಡಿದು ಪಕ್ಕಪಕ್ಕ ಇಡಬೇಕು. ಹಾಗಾಗಿ ಸಮಯದ ಕ್ರಮದಲ್ಲಿರುವ ಫೈಲನ್ನು ಮೊದಲು ಐಡಿವಾರು ವಿಂಗಡಿಸುತ್ತೇನೆ. ಹತ್ತಾರು ಆರ್ಡರ್‌ಗಳ ಸಾಲುಗಳು ಕಲಸಿಹೋಗಿರುವಾಗ ಕಾಣದ ತಪ್ಪು, ಒಂದೇ ಆರ್ಡರ್‌ನ ಆರೇಳು ಸಾಲು ಒಟ್ಟಿಗೆ ನಿಂತಾಗ ಎದ್ದು ಕಾಣುತ್ತದೆ. ಉದಾಹರಣೆಗೆ ಒಂದೇ ಸಿಗ್ನಲ್‌ನಿಂದ ಹುಟ್ಟಿದ ಎರಡು ಆರ್ಡರ್‌ಗಳ ಈ ತುಣುಕು ನೋಡಿ (ಸಿಗ್ನಲ್ ಅಂದರೆ ಕೊಳ್ಳು ಇಲ್ಲವೇ ಮಾರು ಎಂಬ ತಂತ್ರದ ಸೂಚನೆ, ಇಲ್ಲಿ ಲಿಮಿಟ್ ಅಂದರೆ ಕೊಡಲು ಒಪ್ಪುವ ಗರಿಷ್ಠ ಬೆಲೆ):

14:05:00.012 ಸಿಗ್ನಲ್: ಖರೀದಿ 500, ಬೆಲೆ 100.08
14:05:00.015 ಎ-41 ಕಳಿಸಿದೆ, ಲಿಮಿಟ್ 100.20
14:05:03.015 ಎ-41 ಟೈಮ್‌ಔಟ್
14:05:03.021 ಎ-42 ಕಳಿಸಿದೆ, ಲಿಮಿಟ್ 100.20
14:05:03.140 ಎ-41 ಸ್ವೀಕೃತ
14:05:03.188 ಎ-42 ಸ್ವೀಕೃತ

ಬೇಕಿದ್ದದ್ದು 500, ಮಾರುಕಟ್ಟೆಯಲ್ಲಿ ನಿಂತದ್ದು 1000. ಎಡವಟ್ಟು ಆದದ್ದು ಮೂರನೇ ಸಾಲಿನಲ್ಲಿ. ಟೈಮ್‌ಔಟ್ ಅಂದರೆ ಆರ್ಡರ್ ಬಿದ್ದುಹೋಯಿತು ಅಂತಲ್ಲ. ಕಾಯುವ ಹೊತ್ತಿನೊಳಗೆ ಉತ್ತರ ಬಂದಿಲ್ಲ, ಅದರ ಗತಿ ಏನಾಯಿತೋ ಇನ್ನೂ ತಿಳಿದಿಲ್ಲ ಅಂತ. ಅದನ್ನು ರಿಜೆಕ್ಟ್ ಎಂದು ಓದಿದ ಕೋಡ್ ಹೊಸ ಐಡಿ ಹಾಕಿ ಇನ್ನೊಂದು ಆರ್ಡರ್ ಕಳಿಸಿಬಿಟ್ಟಿತು. ಇಂಥ ಕಡೆ 'ತಿಳಿಯದು' ಎಂಬ ಪ್ರತ್ಯೇಕ ಸ್ಥಿತಿ ಇರಲೇಬೇಕು. ಆ ಸ್ಥಿತಿಯಲ್ಲಿರುವ ಆರ್ಡರ್‌ನ ಪೂರ್ತಿ ಪ್ರಮಾಣವನ್ನು ರಿಸ್ಕ್ ಲೆಕ್ಕದಲ್ಲಿ ಹಿಡಿದಿಟ್ಟು, ಅದೇ ಐಡಿಯಿಂದ ಬ್ರೋಕರ್‌ನ ಸರ್ವರ್‌ಗೆ ಸ್ಥಿತಿ ಕೇಳಬೇಕು. ಉತ್ತರ ಬರುವ ತನಕ ಹೊಸ ಆರ್ಡರ್ ಇಲ್ಲ. ಲಾಗ್‌ನಲ್ಲಿ 'ಟೈಮ್‌ಔಟ್' ಎಂದು ಹುಡುಕಿ, ಅದರ ಮುಂದಿನ ಐದು ಸೆಕೆಂಡಿನ ಸಾಲುಗಳನ್ನಷ್ಟೇ ಓದಿದರೂ ಪೊಸಿಷನ್ ವ್ಯತ್ಯಾಸದ ಬಹುಪಾಲು ಅಲ್ಲಿಯೇ ಸಿಕ್ಕಿಬಿಡುತ್ತದೆ.

ಆರ್ಡರ್ ಸಂದೇಶಗಳನ್ನು ಕಳಿಸಲು ಬಳಸುವ ಫಿಕ್ಸ್ (FIX) ಪ್ರೋಟೊಕಾಲ್‌ನ ಲಾಗ್ ಮೊದಲ ಬಾರಿಗೆ ನೋಡಿದವರಿಗೆ ಬರೀ ಅಂಕಿಗಳ ರಾಶಿ ಅನ್ನಿಸುತ್ತದೆ. ಕೆಲವು ಟ್ಯಾಗ್, ಅಂದರೆ ಪ್ರತಿ ಮಾಹಿತಿಯ ಮುಂದಿರುವ ಗುರುತಿನ ಸಂಖ್ಯೆ, ಗೊತ್ತಿದ್ದರೆ ಸಾಕು. 35=8 ಇದ್ದರೆ ಅದು ಆರ್ಡರ್‌ಗೆ ಏನಾಯಿತು ಎಂದು ಹೇಳುವ ಎಕ್ಸಿಕ್ಯೂಷನ್ ರಿಪೋರ್ಟ್. 11 ನಾವು ಕೊಟ್ಟ ಐಡಿ, 37 ಎದುರಿನವರು ಕೊಟ್ಟ ಐಡಿ. 39 ಆರ್ಡರ್‌ನ ಸ್ಥಿತಿ: 0 ಹೊಸದು, 1 ಭಾಗಶಃ ಫಿಲ್ (ಫಿಲ್ ಅಂದರೆ ಆರ್ಡರ್ ಈಡೇರುವುದು), 2 ಪೂರ್ತಿ ಫಿಲ್, 4 ರದ್ದು, 8 ರಿಜೆಕ್ಟ್. ರಿಜೆಕ್ಟ್ ಆಗಿದ್ದರೆ ಕಾರಣ ಸಾಮಾನ್ಯವಾಗಿ 58ರಲ್ಲಿ ಬರಹವಾಗಿ ಇರುತ್ತದೆ. ಹೆಚ್ಚಾಗಿ ಹಣದ ಕೊರತೆ, ಇಲ್ಲವೇ ಬೆಲೆ ಟಿಕ್ ಗಾತ್ರಕ್ಕೆ (ಬೆಲೆ ಬದಲಾಗಬಹುದಾದ ಕನಿಷ್ಠ ಹಂತಕ್ಕೆ) ಹೊಂದಿಲ್ಲ ಎಂಬುದು.

ಎಲ್ಲಕ್ಕಿಂತ ಹೆಚ್ಚು ಎಡವುವುದು 14 ಮತ್ತು 32ರ ನಡುವೆ. 32 ಈ ಬಾರಿ ಸಿಕ್ಕ ಪ್ರಮಾಣ, 14 ಈವರೆಗೆ ಸಿಕ್ಕ ಒಟ್ಟು. 500ರ ಆರ್ಡರ್ ಮೂರು ಕಂತಿನಲ್ಲಿ ಫಿಲ್ ಆಯಿತು ಎನ್ನಿ: 100.10ಕ್ಕೆ 200, 100.15ಕ್ಕೆ 200, 100.20ಕ್ಕೆ 100. ಆಗ 32ರಲ್ಲಿ ಬರುವುದು 200, 200, 100; 14ರಲ್ಲಿ 200, 400, 500. ಸ್ಕ್ರಿಪ್ಟ್ ಬರೆದವರು ಮರೆತು 14ನ್ನು ಕೂಡಿಸಿದರೆ 1100 ಷೇರು ಕೊಂಡಂತೆ ಕಾಣುತ್ತದೆ. ಒಂದೇ ಏಟಿಗೆ ಫಿಲ್ ಆಗುವ ಸಣ್ಣ ಆರ್ಡರ್‌ಗಳಲ್ಲಿ ಎರಡೂ ಅಂಕಿ ಒಂದೇ ಆಗಿರುವುದರಿಂದ ಪರೀಕ್ಷೆಯಲ್ಲಿ ಈ ತಪ್ಪು ಹೊರಬೀಳುವುದೇ ಇಲ್ಲ.

ಇದೇ ಮೂರು ಕಂತಿನಿಂದ ಸ್ಲಿಪೇಜ್, ಅಂದರೆ ಸಿಗ್ನಲ್‌ನ ಬೆಲೆಗೂ ನಿಜವಾಗಿ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ, ಕೂಡ ಸಿಗುತ್ತದೆ. ಒಟ್ಟು 50,070ನ್ನು 500ರಿಂದ ಭಾಗಿಸಿದರೆ ಸರಾಸರಿ 100.14. ಸಿಗ್ನಲ್ ಬಂದಾಗ ಬೆಲೆ 100.08 ಇತ್ತು. ಒಂದಕ್ಕೆ 0.06ರಂತೆ 500ಕ್ಕೆ 30 ಕೈಬಿಟ್ಟಿತು, ಶುಲ್ಕ ಬೇರೆ. ಸಿಗ್ನಲ್‌ನ ಬೆಲೆಯನ್ನು ಲಾಗ್‌ನಲ್ಲಿ ಬರೆದಿಡದಿದ್ದರೆ ಈ ಲೆಕ್ಕ ಆಮೇಲೆ ಯಾವ ಸ್ಟೇಟ್‌ಮೆಂಟ್‌ನಿಂದಲೂ ಬರುವುದಿಲ್ಲ. ಬ್ರೋಕರ್‌ಗೆ ನಮ್ಮ ಸಿಗ್ನಲ್ ಗೊತ್ತಿರುವುದಿಲ್ಲವಲ್ಲ. ಬ್ಯಾಕ್‌ಟೆಸ್ಟ್‌ನಲ್ಲಿ, ಅಂದರೆ ಹಳೆಯ ಬೆಲೆಗಳ ಮೇಲಿನ ಪರೀಕ್ಷೆಯಲ್ಲಿ, ಲಾಭ ಕೊಟ್ಟ ತಂತ್ರ ನಿಜದಲ್ಲಿ ಯಾಕೆ ಸೊರಗಿತು ಎಂಬ ಪ್ರಶ್ನೆಗೆ ನಾನು ಮೊದಲು ನೋಡುವುದು ಈ ಅಂಕಿಯನ್ನೇ.

ಸಂಪರ್ಕ ಕಡಿದು ಮತ್ತೆ ಕೂಡಿದಾಗ ಹಳೆಯ ಸಂದೇಶಗಳು ಮರಳಿ ಬರಬಹುದು. ಅಂಥವುಗಳಲ್ಲಿ 43ನೇ ಟ್ಯಾಗ್ 'ವೈ' ಆಗಿರುತ್ತದೆ. ಒಂದು ಫಿಲ್ ಎರಡು ಸಲ ಲೆಕ್ಕಕ್ಕೆ ಸೇರದಂತೆ 17ನೇ ಟ್ಯಾಗ್, ಅಂದರೆ ಎಕ್ಸಿಕ್ಯೂಷನ್ ಐಡಿ, ಮೊದಲೇ ಬಂದಿದೆಯೇ ಎಂದು ನೋಡಬೇಕು. ರದ್ದು ಕೋರಿಕೆಯದ್ದೂ ಇಂಥದೇ ಕಥೆ. ನಾವು ಕಳಿಸಿದ ರದ್ದು ಎಕ್ಸ್‌ಚೇಂಜ್ ತಲುಪುವಷ್ಟರಲ್ಲಿ ಫಿಲ್ ಆಗಿಹೋಗಿರಬಹುದು. ಆಗ 35=9, 102=0 ಎಂದು ಉತ್ತರ ಬರುತ್ತದೆ: ರದ್ದು ಮಾಡುವ ಹೊತ್ತು ಮೀರಿತು. 'ರದ್ದು ಕಳಿಸಿದೆ' ಎಂಬ ಸಾಲನ್ನೇ 'ರದ್ದಾಯಿತು' ಎಂದು ಓದಿಕೊಳ್ಳುವ ಬಾಟ್, ತನಗೆ ಗೊತ್ತಿಲ್ಲದ ಪೊಸಿಷನ್ ಹೊತ್ತು ಕೂತಿರುತ್ತದೆ.

ಗಡಿಯಾರದ ವಿಷಯ. ಎರಡು ಕಂಪ್ಯೂಟರ್‌ಗಳ ಸಮಯ ಹೊಂದದಿದ್ದರೆ ಆರ್ಡರ್ ಕಳಿಸುವ ಮೊದಲೇ ಫಿಲ್ ಬಂದಂತೆ ಲಾಗ್ ತೋರಿಸುತ್ತದೆ. ಎಲ್ಲ ಸಾಲುಗಳನ್ನೂ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ), ಕನಿಷ್ಠ ಮಿಲಿಸೆಕೆಂಡ್ ಮಟ್ಟದಲ್ಲಿ ಬರೆಯಿರಿ. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳ ಸ್ಥಳೀಯ ಸಮಯ ಬಳಸಿದರೆ ವರ್ಷದಲ್ಲಿ ಒಂದು ಗಂಟೆ ಎರಡು ಸಲ ಬರುತ್ತದೆ, ಇನ್ನೊಂದು ಗಂಟೆ ಬರುವುದೇ ಇಲ್ಲ. ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯಲು ಮಾತ್ರ ಗೋಡೆ ಗಡಿಯಾರದಂಥ ಸಿಸ್ಟಂ ಸಮಯ ಬೇಡ, ಹಿಂದಕ್ಕೆ ಹೋಗದ ಮಾನೊಟಾನಿಕ್ ಕ್ಲಾಕ್ ಬೇಕು. ಐರೋಪ್ಯ ಒಕ್ಕೂಟದಲ್ಲಿ 2018ರ ಜನವರಿಯಿಂದ ಹೈ ಫ್ರೀಕ್ವೆನ್ಸಿ ಟ್ರೇಡಿಂಗ್ (ಅತಿವೇಗದ ವಹಿವಾಟು) ಮಾಡುವವರ ಗಡಿಯಾರ ಯುಟಿಸಿಯಿಂದ 100 ಮೈಕ್ರೊಸೆಕೆಂಡ್‌ಗಿಂತ ಹೆಚ್ಚು ಸರಿಯುವಂತಿಲ್ಲ. ನಮಗೆ ಅಷ್ಟು ಬಿಗಿ ಬೇಡ, ಆದರೆ ಗಡಿಯಾರವನ್ನು ಸರಿಹೊಂದಿಸುವ ಎನ್‌ಟಿಪಿ ಓಡುತ್ತಿದೆಯೇ ಎಂದು ದಿನಕ್ಕೊಮ್ಮೆ ನೋಡಲೇಬೇಕು.

ಬರೆದ ಸಾಲುಗಳಷ್ಟೇ ಬರೆಯದ ಸಾಲುಗಳೂ ಮುಖ್ಯ. ಬಾಟ್ ಇಡೀ ಮಧ್ಯಾಹ್ನ ಏನೂ ಕೊಳ್ಳಲಿಲ್ಲ ಅಂದರೆ ಸಿಗ್ನಲ್ ಬರಲಿಲ್ಲವೋ, ರಿಸ್ಕ್ ಮಿತಿ ತಡೆಯಿತೋ, ಬೆಲೆಗಳ ಹರಿವೇ ನಿಂತುಹೋಗಿತ್ತೋ? ಕೊನೆಯದು ತೀರ ಅಪಾಯ, ಏಕೆಂದರೆ ಹತ್ತು ನಿಮಿಷ ಹಳೆಯ ಬೆಲೆ ಹಿಡಿದುಕೊಂಡು ಬಾಟ್ ನೆಮ್ಮದಿಯಾಗಿ ಓಡುತ್ತಿರುತ್ತದೆ. ನಿಮಿಷಕ್ಕೊಂದು ಸಾಲು ಹೀಗೆ ಬೀಳುವಂತೆ ಮಾಡಿ: ಕೊನೆಯ ಟಿಕ್ (ಮಾರುಕಟ್ಟೆಯಿಂದ ಬಂದ ಬೆಲೆ) ಎಷ್ಟು ಹಳೆಯದು, ತೆರೆದ ಆರ್ಡರ್ ಎಷ್ಟು, ಪೊಸಿಷನ್ ಎಷ್ಟು, ಆರ್ಡರ್ ಹಾಕದಿದ್ದರೆ ಕಾರಣ ಏನು.

ಬಂದ ಸಾಲನ್ನು ಯಾರೂ ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನ 2012ರ ಆಗಸ್ಟ್ 1ರ ಪ್ರಕರಣವಿದೆ. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಮಾರುಕಟ್ಟೆ ತೆರೆಯುವ ಮೊದಲೇ ಅವರ ಸಿಸ್ಟಂ ದೋಷದ ಹೆಸರು ಹಾಕಿ 97 ಇಮೇಲ್ ಕಳಿಸಿತ್ತು. ಅವು ತುರ್ತು ಎಚ್ಚರಿಕೆಗಳಾಗಿ ರೂಪುಗೊಂಡಿರಲಿಲ್ಲ, ಯಾರೂ ಗಮನಿಸಲಿಲ್ಲ. ಸುಮಾರು 45 ನಿಮಿಷದಲ್ಲಿ ನಷ್ಟ 40 ಕೋಟಿ ಡಾಲರ್ ದಾಟಿತು. ಆದ್ದರಿಂದ ಎಚ್ಚರಿಕೆಯ ಸಾಲು ಕಡಿಮೆ ಇರಲಿ. ನಾನು ಫೋನ್ ಸದ್ದಾಗಲು ಬಿಟ್ಟಿರುವುದು ಮೂರಕ್ಕೆ ಮಾತ್ರ: ಪೊಸಿಷನ್ ಹೊಂದದಿರುವುದು, 'ತಿಳಿಯದು' ಸ್ಥಿತಿ 10 ಸೆಕೆಂಡ್ ಮೀರುವುದು, ಟಿಕ್ ಹಳೆಯದಾಗುವುದು.

ಪ್ರೋಗ್ರಾಂ ಕುಸಿದಾಗ ಲಾಗ್‌ನ ಕೊನೆಯ ಸಾಲುಗಳು ಬಫರ್‌ನಲ್ಲೇ (ಡಿಸ್ಕ್‌ಗೆ ಇಳಿಯುವ ಮೊದಲಿನ ತಾತ್ಕಾಲಿಕ ಜಾಗದಲ್ಲೇ) ಉಳಿದು ಕಳೆದುಹೋಗಬಹುದು, ನಮಗೆ ಬೇಕಾದವು ಅವೇ. ಹಾಗಾಗಿ 'ಆರ್ಡರ್ ಕಳಿಸುತ್ತಿದ್ದೇನೆ' ಎಂಬ ಸಾಲು ಡಿಸ್ಕ್‌ಗೆ ಇಳಿದ ಮೇಲೆಯೇ ಆರ್ಡರ್ ಹೊರಡಬೇಕು. ಬ್ರೋಕರ್ ಖಾತೆಗೆ ಪ್ರವೇಶ ಕೊಡುವ ಎಪಿಐ ಕೀಲಿ ಮತ್ತು ಟೋಕನ್‌ಗಳು ಮಾತ್ರ ಯಾವ ಸಾಲಿನಲ್ಲೂ ಬೀಳಬಾರದು.

ಫೈಲ್‌ನ ತಲೆಯಲ್ಲಿ ಕೋಡ್‌ನ ಆವೃತ್ತಿ, ಕಾನ್ಫಿಗ್‌ನ (ಸೆಟ್ಟಿಂಗ್‌ಗಳ) ಪೂರ್ತಿ ಪ್ರತಿ, ಬೆಳಗಿನ ಪೊಸಿಷನ್ ಇರಲಿ. ಅವಿದ್ದರೆ ಆ ದಿನದ ಟಿಕ್‌ಗಳನ್ನು ಅದೇ ಕೋಡ್‌ಗೆ ಮತ್ತೆ ಉಣಿಸಿ, ಅದೇ ಸಿಗ್ನಲ್‌ಗಳು ಬರುತ್ತವೆಯೇ ಎಂದು ನೋಡಬಹುದು. ಬೇರೆ ಸಿಗ್ನಲ್ ಬಂದರೆ ಬಾಟ್ ಬಳಸಿದ ಯಾವುದೋ ಒಂದು ಅಂಕಿ ಲಾಗ್‌ಗೆ ಬಂದಿಲ್ಲ ಎಂದರ್ಥ. ಯಾವ ಸಾಲಿನಿಂದ ಎರಡೂ ಕವಲೊಡೆದವೋ ಅದರ ಹಿಂದಿನ ಸಾಲಿನಲ್ಲಿ ಆ ಅಂಕಿಗೆ ಜಾಗ ಮಾಡಿ, ಮರುದಿನದ ಲಾಗ್‌ಗೆ ಸೇರಿಸುತ್ತೇನೆ.