ಸಾಂಬಾರ್ ಬಕೆಟ್ ಹಿಡಿದ ಮಗ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಮೂರು ದಿನ ಆಗಿರಲಿಲ್ಲ, ಮಗ ಶುರು ಹಚ್ಚಿಕೊಂಡ. "ಅಮ್ಮಾ, ನಾನೂ ಕೇಟರಿಂಗ್‌ಗೆ ಹೋಗ್ತೀನಿ. ಕ್ಲಾಸಿನವರೆಲ್ಲ ಹೋಗ್ತಿದಾರೆ." ಶಿವಮೊಗ್ಗದಲ್ಲಿ ಏಪ್ರಿಲ್, ಮೇ ಅಂದರೆ ಮದುವೆಗಳ ಕಾಲ. ಬಡಿಸುವ ಹುಡುಗರಿಗೆ ಎಲ್ಲಿಲ್ಲದ ಬೇಡಿಕೆ. ಒಂದು ಹೊತ್ತಿಗೆ 400 ರೂಪಾಯಿ, ಮೇಲೆ ಊಟ.

ಇವನಿಗೆ ಆಗ 16. ಉಂಡ ತಟ್ಟೆ ಎತ್ತದವನು ಊರಿಗೆಲ್ಲ ಬಡಿಸ್ತಾನಂತೆ ಅಂತ ಅವನ ಅಜ್ಜಿ ನಕ್ಕರು. ನನಗೆ ಒಳಗೊಳಗೇ ಖುಷಿ. ದಿನವಿಡೀ ಮೊಬೈಲ್ ಉಜ್ಜುವುದಕ್ಕಿಂತ ವಾಸಿ ಅಲ್ವಾ?

ಅವತ್ತು ನಾವು ವಿಚಾರಿಸಿದ್ದು ಎರಡೇ. ಅಡುಗೆ ಕಂಟ್ರಾಕ್ಟರ್ ಎಂಥವರು, ದುಡ್ಡು ಸರಿಯಾಗಿ ಕೊಡ್ತಾರಾ? ಎರಡಕ್ಕೂ ಒಳ್ಳೆ ಉತ್ತರವೇ ಸಿಕ್ಕಿತು. ಮಂಟಪಕ್ಕೆ ಸ್ಕೂಟರಲ್ಲಿ ಹೋಗ್ತೀನಿ ಅಂದಾಗ ಮಾತ್ರ ಇವನಪ್ಪ ಗದರಿದರು. 18 ತುಂಬದ ಹುಡುಗರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ದೊಡ್ಡವರಿಗೆ 25,000 ರೂಪಾಯಿ ದಂಡ, ಜೈಲು ಬೇರೆ. ಸರಿ, ಇವರೇ ಬಿಟ್ಟು ಬರುತ್ತಿದ್ದರು.

ಮೊದಲ ವಾರ ಚೆನ್ನಾಗೇ ಇತ್ತು. ಉಪ್ಪು, ಉಪ್ಪಿನಕಾಯಿಯಿಂದ ಕೋಸಂಬರಿಗೆ ಬಡ್ತಿ ಸಿಕ್ಕಿತು. ಮನೆಯಲ್ಲಿ ಬಕೆಟ್ಟಿಗೆ ನೀರು ತುಂಬಿಕೊಂಡು, ಸೌಟು ಹಿಡಿದು, ಬಗ್ಗಿ ಬಗ್ಗಿ ಅಭ್ಯಾಸ ಮಾಡುತ್ತಿದ್ದ. ಹಾಲ್ ತುಂಬಾ ನೀರು.

ಎರಡನೇ ವಾರ ತೀರ್ಥಹಳ್ಳಿ ಕಡೆಯ ಒಂದು ಆರತಕ್ಷತೆಗೆ ಕರೆದುಕೊಂಡು ಹೋದರು. ಹನ್ನೊಂದಕ್ಕೆಲ್ಲ ಬರ್ತೀನಿ ಅಂದಿದ್ದ. ಹನ್ನೆರಡಾಯ್ತು, ಒಂದಾಯ್ತು. ಫೋನ್ ಸ್ವಿಚ್ ಆಫ್. ಸಾಲದ್ದಕ್ಕೆ ಗುಡುಗು, ಮಳೆ. ಒಂದೂವರೆಗೆ ಗೇಟಿನ ಮುಂದೆ ಗೂಡ್ಸ್ ಗಾಡಿಯೊಂದು ನಿಂತಿತು. ಹಿಂದೆ ಕೊಪ್ಪರಿಗೆ, ಹಂಡೆ, ಗ್ಯಾಸ್ ಸಿಲಿಂಡರ್. ಅದರ ಸಂದಿಯಲ್ಲಿ ಟಾರ್ಪಾಲ್ ಹೊದ್ದು ಆರು ಹುಡುಗರು. ಹತ್ತಿರ ಹತ್ತಿರ 60 ಕಿಲೋಮೀಟರ್, ಮಂಡಗದ್ದೆಯ ಆ ಕಾಡಿನ ತಿರುವುಗಳಲ್ಲಿ, ಕೊಪ್ಪರಿಗೆಯ ಕಿವಿ ಹಿಡಿದುಕೊಂಡು ಬಂದಿದ್ದರು. ಡ್ರೈವರ್ ಕಣ್ಣು ಕೆಂಪಗಾಗಿತ್ತು. ಅವನೂ ಬೆಳಿಗ್ಗೆಯಿಂದ ದುಡಿದವನೇ, ಪಾಪ.

ಮಗ ಕುಂಟುತ್ತಿದ್ದ. ಅಡುಗೆಮನೆಯ ಜಿಡ್ಡು ನೆಲದಲ್ಲಿ ಜಾರಿ, ಬಿಸಿ ಸಾಂಬಾರ್ ಪಾದದ ಮೇಲೆ ಚೆಲ್ಲಿತ್ತು. ಯಾರೋ ಟೂತ್‌ಪೇಸ್ಟ್ ಬಳಿದು ಕಳಿಸಿದ್ದರು. ಸುಟ್ಟ ಕೂಡಲೇ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಪೇಸ್ಟ್ ಹಚ್ಚಲೇಬಾರದು. ಅಲ್ಲಿ ನಲ್ಲಿ ಇತ್ತು, ಹೇಳುವವರು ಇರಲಿಲ್ಲ. ಪುಣ್ಯಕ್ಕೆ ಗಾಯ ದೊಡ್ಡದಿರಲಿಲ್ಲ.

ಕೆಲಸ ಬಿಡಿಸಿ ಅಂತ ಇವರು ಹಟ ಹಿಡಿದರು. ನನಗೆ ಹಾಗನ್ನಿಸಲಿಲ್ಲ. ಮಾರನೇ ದಿನ ನಾನೇ ಕಂಟ್ರಾಕ್ಟರ್ ಹತ್ತಿರ ಹೋದೆ. "ಅಮ್ಮಾ, ನನ್ನ ಜೊತೆಗೆ ಬರ್ತಾನೆ, ಭಯ ಎಂತಕ್ಕೆ?" ಅಂದರು. "ಭಟ್ರೇ, ನೀವು ಕಾರಲ್ಲಿ ಬರ್ತೀರಿ, ಅವನು ಕೊಪ್ಪರಿಗೆ ಜೊತೆ ಬರ್ತಾನೆ" ಅಂದೆ. ಅವರು ಸುಮ್ಮನಾದರು.

ಹೋಗುವ ಮುಂಚೆ ಪರಿಚಯದ ವಕೀಲರನ್ನು ಕೇಳಿಕೊಂಡಿದ್ದೆ. 14 ತುಂಬಿ 18 ಆಗದವರನ್ನು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವ ಹಾಗಿಲ್ಲ. ಒಂದೇ ಸಮನೆ ಮೂರು ಗಂಟೆಗಿಂತ ಜಾಸ್ತಿ ಇಲ್ಲ, ಆಮೇಲೆ ಒಂದು ಗಂಟೆ ಬಿಡುವು. ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ದಾಟಬಾರದು. ವಾರಕ್ಕೊಂದು ರಜೆ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿ ಆದಮೇಲೆ ಇದು ಈ ವಯಸ್ಸಿನವರ ನಿಯಮ. ಅಂದರೆ ರಾತ್ರಿ ಊಟದ ಕೆಲಸ ಇವನದಲ್ಲವೇ ಅಲ್ಲ! ನಮ್ಮೂರಲ್ಲಿ ರಾತ್ರಿ ಊಟಕ್ಕೆ ಬಡಿಸುವ ಹುಡುಗರಲ್ಲಿ ಎಷ್ಟು ಜನರಿಗೆ ಮೀಸೆ ಬಂದಿರುತ್ತೆ, ನೀವೇ ನೋಡಿ.

ಮಾತುಕತೆ ಆಯ್ತು. ಮಧ್ಯಾಹ್ನದ ಪಂಕ್ತಿ ಮಾತ್ರ, ಅದೂ ಊರೊಳಗಿನ ಮಂಟಪ. ಹನ್ನೊಂದೂವರೆಗೆ ಹೋದರೆ ಎರಡೂವರೆಗೆ ಕೈ ತೊಳೆದು ಊಟಕ್ಕೆ ಕೂರಬೇಕು. ಕೊಪ್ಪರಿಗೆ ಎತ್ತುವುದು, ಬಾಣಲೆ ಹತ್ತಿರ ಹೋಗುವುದು ಇಲ್ಲ. ಅಡುಗೆಮನೆಯೊಳಗೆ ಜಾರದ ಚಪ್ಪಲಿ, ಪಂಕ್ತಿಗೆ ಬರುವಾಗ ಬಿಟ್ಟು ಬರಲಿ. ದುಡ್ಡು ಅವತ್ತಿಂದವತ್ತೇ. ಕೊನೆಯದಕ್ಕೆ ಭಟ್ಟರು ಸ್ವಲ್ಪ ಮುಖ ಕಿವುಚಿದರು. ಮಗನಂತೂ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಅಮ್ಮನನ್ನು ಕರ್ಕೊಂಡು ಬಂದವನು ಅಂತ ಹುಡುಗರು ಕಾಡಿಸಿದರಂತೆ.

ಮೇ ಕೊನೆಯಲ್ಲಿ ಒಂದು ಸಂಜೆ ಭಟ್ಟರ ಫೋನು. "ಅಮ್ಮಾ, ಇವತ್ತು ರಾತ್ರಿ ಹುಡುಗರು ಕಮ್ಮಿ ಇದಾರೆ. ಒಂದೇ ದಿನ ಕಳಿಸಿ, 700 ಕೊಡ್ತೀನಿ." ಸ್ಪೀಕರಲ್ಲಿ ಕೇಳಿಸಿಕೊಂಡ ಮಗ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬಾಯಿ ತೆಗೆಯುವಷ್ಟರಲ್ಲಿ ಅವನೇ ಅಂದ, "ಭಟ್ರೇ, ನಾಳೆ ಮಧ್ಯಾಹ್ನ ಬರ್ತೀನಿ. ಸಾಂಬಾರ್ ನನಗೇ ಕೊಡಿ."