ಫ್ರಂಟ್ ಸ್ಕ್ವಾಟ್‌ನಲ್ಲಿ ಬಾರ್ ಮುಂದಕ್ಕೆ ಜಾರುವುದು ನಿಂತದ್ದು ಹೀಗೆ
ಫ್ರಂಟ್ ಸ್ಕ್ವಾಟ್ ಅಂದರೆ ತೂಕದ ಸರಳನ್ನು (ಬಾರ್) ಭುಜದ ಮುಂಭಾಗದಲ್ಲಿಟ್ಟು ಕೂತು ಏಳುವ ವ್ಯಾಯಾಮ. ಇದರಲ್ಲಿ 50 ಕೆಜಿ ದಾಟಿದರೆ ಸಾಕು, ಏಳುವಾಗ ಮೊಣಕೈ ಕೆಳಗೆ ಬಿದ್ದು ಬಾರ್ ಮುಂದಕ್ಕೆ ಉರುಳುತ್ತಿತ್ತು, ಮಣಿಕಟ್ಟು ನೋವು ಬೇರೆ. ಮಣಿಕಟ್ಟಿಗೆ ಪಟ್ಟಿ ಕಟ್ಟಿದೆ, ಕೈ ಅಡ್ಡ ಹಾಕಿ ಹಿಡಿದೆ, ತೂಕ ಇಳಿಸಿದೆ. ಯಾವುದೂ ಆಗಲಿಲ್ಲ.

ನಾನು ಬಾರನ್ನು ಅಂಗೈಯಲ್ಲಿ ಹೊರುತ್ತಿದ್ದೆ. ಅದು ಕೂರಬೇಕಾದದ್ದು ಭುಜದ ಮುಂಭಾಗದ ಮೇಲೆ, ಗಂಟಲಿಗೆ ಹೆಚ್ಚುಕಮ್ಮಿ ತಾಗುವಷ್ಟು ಹತ್ತಿರ.

ರ‍್ಯಾಕ್‌ನಲ್ಲಿ (ಬಾರ್ ಇಡುವ ಸ್ಟ್ಯಾಂಡ್‌ನಲ್ಲಿ) ಬಾರ್ ಎದೆಯ ಮೇಲ್ಭಾಗದ ಎತ್ತರಕ್ಕಿರಲಿ. ಮೊದಲು ಭುಜವನ್ನು ತುಸು ಮುಂದೆ, ಮೇಲೆ ತಂದು ಬಾರ್ ಕೂರಿಸಿ, ಆಮೇಲೆ ಎರಡು ಮೂರು ಬೆರಳನ್ನಷ್ಟೇ ಕೆಳಗಿನಿಂದ ಕೊಕ್ಕೆಯಂತೆ ಇಟ್ಟು ಮೊಣಕೈಯನ್ನು ಎದುರಿನ ಗೋಡೆಗೆ ಗುರಿ ಮಾಡಿ. ಹೊಟ್ಟೆ ತುಂಬ ಉಸಿರೆಳೆದು ಬಿಗಿಹಿಡಿದು ನೇರ ಕೆಳಗೆ ಕೂರಿ. ಏಳುವಾಗ ಸೊಂಟಕ್ಕಿಂತ ಮೊದಲು ಮೊಣಕೈಯನ್ನು ಮೇಲಕ್ಕೆ ತಳ್ಳಿ, ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. ಬೆರಳು ಅಷ್ಟು ಬಗ್ಗದಿದ್ದರೆ ಬಾರ್‌ಗೆ ಲಿಫ್ಟಿಂಗ್ ಸ್ಟ್ರಾಪ್ (ತೂಕ ಎತ್ತುವಾಗ ಬಳಸುವ ಪಟ್ಟಿ) ಸುತ್ತಿ ಅದನ್ನು ಹಿಡಿಯಿರಿ. ನಾನು 20 ಕೆಜಿಯ ಖಾಲಿ ಬಾರ್‌ನಿಂದಲೇ ಮತ್ತೆ ಶುರುಮಾಡಿದೆ.