ನಲಿಕಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಲಿರುವ ಪ್ರಶಿಕ್ಷಣಾರ್ಥಿಗಳಿಗೆ

ಪ್ರಾಥಮಿಕ ಶಾಲಾ ಶಿಕ್ಷಕರಾಗಲು ಡಿ.ಎಲ್.ಇಡಿ. ಡಿಪ್ಲೊಮಾ ಓದುತ್ತಿರುವ ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ಗೆಂದು ನಮ್ಮ ಕಿರಿಯ ಪ್ರಾಥಮಿಕ ಶಾಲೆಗೆ ಬಂದಾಗ, ಕನ್ನಡ ಮತ್ತು ಗಣಿತದ ಪಾಠಗಳನ್ನು ಧೈರ್ಯವಾಗಿ ಕೈಗೆತ್ತಿಕೊಳ್ಳುವವರೇ ಇಂಗ್ಲಿಷ್ ಅವಧಿ ಬಂತೆಂದರೆ ಹಿಂದೆ ಸರಿಯುವುದನ್ನು ಮಾರ್ಗದರ್ಶಿ ಶಿಕ್ಷಕಿಯಾಗಿ ಹಲವು ವರ್ಷಗಳಿಂದ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿಯೇ ಓದಿ ಬಂದವರು. ‘ನನ್ನ ಇಂಗ್ಲಿಷೇ ಸರಿಯಿಲ್ಲ, ಇನ್ನು ಮಕ್ಕಳಿಗೆ ಏನು ಕಲಿಸಲಿ ಮೇಡಂ?’ ಎಂದು ಮೊದಲ ದಿನವೇ ಕೇಳುತ್ತಾರೆ. ಆರೇಳು ವರ್ಷದ ಮಕ್ಕಳಿಗೆ ಬೇಕಾಗಿರುವುದು ನಿರರ್ಗಳ ಭಾಷಣವಲ್ಲ. ನಿತ್ಯವೂ ಅದೇ ಸಂದರ್ಭದಲ್ಲಿ, ಅದೇ ರೀತಿಯಲ್ಲಿ, ಸ್ಪಷ್ಟವಾಗಿ ಕಿವಿಗೆ ಬೀಳುವ ಮೂವತ್ತು ನಲವತ್ತು ವಾಕ್ಯಗಳು ಅವರಿಗೆ ಬೇಕು. ಅಷ್ಟನ್ನು ಯಾವ ಪ್ರಶಿಕ್ಷಣಾರ್ಥಿಯೂ ಸಿದ್ಧಪಡಿಸಿಕೊಳ್ಳಬಲ್ಲರು. ಅದನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಸಂದರ್ಭವನ್ನು ಮೊದಲು ತಿಳಿದುಕೊಳ್ಳಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೇ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ಭಾಷೆಯಾಗಿ ಕಲಿಕೆಗೆ ಬಂದಿತು. ಮಕ್ಕಳು ಕಾರ್ಡುಗಳು ಮತ್ತು ಚಟುವಟಿಕೆಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದಾದ್ಯಂತ ವಿಸ್ತರಿಸಿತು. ಹೀಗಾಗಿ ನೀವು ಕಾಲಿಡುವ ಕೊಠಡಿಯಲ್ಲಿ ಒಂದು, ಎರಡು ಮತ್ತು ಮೂರನೇ ತರಗತಿಯ ಮಕ್ಕಳು ಒಟ್ಟಿಗೆ, ‘ತಟ್ಟೆ’ಗಳ ಪ್ರಕಾರ, ಅಂದರೆ ಶಿಕ್ಷಕರ ಅಥವಾ ಸಹಪಾಠಿಗಳ ನೆರವು ಎಷ್ಟು ಬೇಕೆಂಬುದರ ಮೇಲೆ, ಗುಂಪುಗಳಾಗಿ ನೆಲದ ಮೇಲೆ ಕುಳಿತಿರುತ್ತಾರೆ. ಕಾಲೇಜಿನಲ್ಲಿ ನೀವು ಬರೆದು ಅಭ್ಯಾಸ ಮಾಡಿದ ಪಾಠಯೋಜನೆ ಒಂದೇ ತರಗತಿಯ, ಒಂದೇ ವಯಸ್ಸಿನ ಮಕ್ಕಳನ್ನು ಊಹಿಸಿಕೊಂಡಿದ್ದರೆ, ಇಲ್ಲಿ ಅದು ಮೊದಲ ಹತ್ತು ನಿಮಿಷದಲ್ಲಿಯೇ ಕೈಕೊಡುತ್ತದೆ.

ಮೊದಲ ವಾರ ಕೇಳಿಸಿಕೊಳ್ಳುವುದಕ್ಕೆ

ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮಾವಳಿಯು ಎರಡು ವರ್ಷದ ಈ ಡಿಪ್ಲೊಮಾದಲ್ಲಿ ಶಾಲಾ ಇಂಟರ್ನ್‌ಶಿಪ್‌ಗೆ 20 ವಾರಗಳನ್ನು ನಿಗದಿಪಡಿಸಿದೆ. ಅದರಲ್ಲಿ ಒಂದು ವಾರವನ್ನು ಪಾಠ ಮಾಡದೆ, ಬರೀ ಕೇಳಿಸಿಕೊಳ್ಳುವುದಕ್ಕೆ ಇಟ್ಟುಕೊಂಡರೆ ನಷ್ಟವೇನೂ ಇಲ್ಲ. ಕೊಠಡಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಬೇಡಿ. ಯಾವುದಾದರೊಂದು ಗುಂಪಿನ ಜೊತೆಗೆ ಚಾಪೆಯ ಮೇಲೆ ಕುಳಿತುಕೊಳ್ಳಿ. ವೀಕ್ಷಣಾ ದಾಖಲೆಯಲ್ಲಿ ‘ತರಗತಿ ಚೆನ್ನಾಗಿ ನಡೆಯಿತು’ ಎಂದು ಬರೆಯುವ ಬದಲು ಮೂರು ವಿಷಯಗಳನ್ನು ಗಮನಿಸಿ: ಪ್ರತಿಯೊಂದು ಮಗುವಿನ ಮನೆಮಾತು ಯಾವುದು, ಯಾರು ಯಾರೊಡನೆ ಮಾತನಾಡುತ್ತಾರೆ, ಮಕ್ಕಳ ಬಾಯಲ್ಲಿ ಈಗಾಗಲೇ ಯಾವ ಇಂಗ್ಲಿಷ್ ಪದಗಳು ಓಡಾಡುತ್ತಿವೆ.

ಮೂರನೆಯದು ನಿಮಗೇ ಅಚ್ಚರಿ ತರುತ್ತದೆ. ಬಸ್ಸು, ಬ್ಯಾಗು, ಪೆನ್ಸಿಲ್ಲು, ರಬ್ಬರು, ಸೈಕಲ್ಲು, ಫ್ಯಾನು, ಲೈಟು, ಚಾರ್ಜರು, ಬಿಸ್ಕತ್ತು, ಐಸ್‌ಕ್ರೀಮು ಎಂದು ಬರೆಯುತ್ತ ಹೋದರೆ ಒಂದನೇ ತರಗತಿಯ ಮಗುವಿನ ಬಾಯಲ್ಲಿಯೇ ಒಂದು ಪುಟ ತುಂಬುವಷ್ಟು ಪದಗಳು ಸಿಗುತ್ತವೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ಅವುಗಳಿಗೆ ಉಕಾರ ಸೇರಿಕೊಂಡಿದೆ, ಅಷ್ಟೇ. ನಿಮ್ಮ ಮೊದಲ ಪಾಠ ಇವುಗಳಿಂದಲೇ ಆರಂಭವಾಗಲಿ. ಚಿತ್ರಪಟದಲ್ಲಿ ಮಾತ್ರ ಕಾಣುವ ಕ್ಸೈಲೋಫೋನನ್ನು ಹೇಳಿಕೊಡುವುದಕ್ಕಿಂತ ಮಗುವಿನ ಚೀಲದಲ್ಲಿಯೇ ಇರುವ ಪೆನ್ಸಿಲನ್ನು ಕೈಗೆತ್ತಿಕೊಂಡು ಮಾತನಾಡುವುದು ಎಷ್ಟೋ ಮೇಲು.

ಮನೆಮಾತಿನ ವಿಷಯವನ್ನು ಹಗುರವಾಗಿ ಕಾಣಬೇಡಿ. ನಮ್ಮ ಶಾಲೆಗೆ ಪಕ್ಕದ ತಾಂಡಾದಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ. ಅವರಿಗೆ ಕನ್ನಡವೇ ಶಾಲೆಯಲ್ಲಿ ಕಲಿಯುವ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಉರ್ದು, ತೆಲುಗು, ತುಳು ಮಾತನಾಡುವ ಮನೆಗಳಿಂದ ಬರುವ ಮಕ್ಕಳ ಸ್ಥಿತಿಯೂ ಹೀಗೆಯೇ ಇರುತ್ತದೆ. ‘ಕನ್ನಡದಲ್ಲಿ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ’ ಎಂಬ ನಂಬಿಕೆಯನ್ನು ಇಟ್ಟುಕೊಂಡು ಪಾಠ ಯೋಜಿಸಿದರೆ, ಹಿಂದೆ ಉಳಿಯುವ ಮಕ್ಕಳು ಯಾರೆಂಬುದು ನಿಮ್ಮ ಗಮನಕ್ಕೇ ಬರುವುದಿಲ್ಲ.

ಮಾತಿಗೆ ಮೊದಲು ಕೆಲಸ

ಹೊಸ ಭಾಷೆಯನ್ನು ಕೇಳುತ್ತಿರುವ ಎಳೆಯ ಮಗು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಏನೂ ಮಾತನಾಡದೆ ಇರಬಹುದು. ಅದು ದಡ್ಡತನವಲ್ಲ, ಮಗು ಕೇಳಿಸಿಕೊಂಡು ಒಳಗೆ ಕೂಡಿಟ್ಟುಕೊಳ್ಳುತ್ತಿರುತ್ತದೆ. ‘ಹೇಳು, ಹೇಳು’ ಎಂದು ಎಬ್ಬಿಸಿ ನಿಲ್ಲಿಸುವುದರಿಂದ ಆ ಮೌನ ಇನ್ನಷ್ಟು ಗಟ್ಟಿಯಾಗುತ್ತದೆ. ಮಾತಿನ ಬದಲು ಮಗುವಿಗೆ ಕೆಲಸ ಕೊಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ ರೂಪಿಸಿದ ‘ಟೋಟಲ್ ಫಿಸಿಕಲ್ ರೆಸ್ಪಾನ್ಸ್’ ವಿಧಾನದ ತಿರುಳೂ ಇದೇ: ಕಲಿಸುವವರು ಆಜ್ಞಾರೂಪದ ವಾಕ್ಯ ಹೇಳುತ್ತಾರೆ, ಕಲಿಯುವವರು ಅದನ್ನು ಮಾಡಿ ತೋರಿಸುತ್ತಾರೆ, ಮಾತು ತಾನಾಗಿ ಬರುವವರೆಗೆ ಯಾರೂ ಒತ್ತಾಯಿಸುವುದಿಲ್ಲ.

ಒಂದು ಪಾಠವನ್ನು ಉದಾಹರಣೆಯಾಗಿ ನೋಡೋಣ. ‘ಇನ್’, ‘ಆನ್’, ‘ಅಂಡರ್’ ಎಂಬ ಮೂರು ಪದಗಳನ್ನು ಕಲಿಸಬೇಕಾಗಿದೆ. ಕನ್ನಡದಲ್ಲಿ ‘ಚೀಲದ ಒಳಗೆ’ ಎನ್ನುವಾಗ ಚೀಲ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ‘ಇನ್’ ಮೊದಲು ಬರುತ್ತದೆ. ಇದನ್ನು ವ್ಯಾಕರಣವಾಗಿ ವಿವರಿಸುವ ಅಗತ್ಯವಿಲ್ಲ. ಒಂದು ಬ್ಯಾಗು ಮತ್ತು ಒಂದು ಸ್ಲೇಟನ್ನು ಎದುರಿಗೆ ಇಟ್ಟುಕೊಳ್ಳಿ. ‘ಪುಟ್ ದಿ ಸ್ಲೇಟ್ ಇನ್ ದಿ ಬ್ಯಾಗ್’ ಎಂದು ಹೇಳುತ್ತ ನೀವೇ ಮಾಡಿ ತೋರಿಸಿ. ಎರಡನೆಯ ಬಾರಿ ಚುರುಕಾದ ಒಬ್ಬ ವಿದ್ಯಾರ್ಥಿಯಿಂದ ಮಾಡಿಸಿ. ಮೂರನೆಯ ಬಾರಿ ಬಾಯಲ್ಲಿ ಹೇಳಿ ಕೈಯನ್ನು ಹಿಂದೆ ಕಟ್ಟಿಕೊಂಡು ನಿಲ್ಲಿ. ನಿಮ್ಮ ಕೈಸನ್ನೆ ಇಲ್ಲದೆಯೂ ಮಗು ಸ್ಲೇಟನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಮಾತ್ರ ಅದು ಪದವನ್ನು ಗ್ರಹಿಸಿದೆ ಎಂದು ಅರ್ಥ. ಬಹಳಷ್ಟು ಪ್ರಶಿಕ್ಷಣಾರ್ಥಿಗಳು ಈ ಮೂರನೆಯ ಹಂತವನ್ನು ಬಿಟ್ಟುಬಿಡುತ್ತಾರೆ, ಮಕ್ಕಳು ತಮ್ಮ ಕಣ್ಣು ಮತ್ತು ಕೈಯನ್ನು ನೋಡಿ ಉತ್ತರಿಸುತ್ತಿದ್ದಾರೆಂದು ಅವರಿಗೆ ತಿಳಿಯುವುದೇ ಇಲ್ಲ. ಕೊನೆಗೆ ಒಂದು ಮಗು ಅಪ್ಪಣೆ ಕೊಡಲಿ, ನೀವು ಅದನ್ನು ಪಾಲಿಸಿ. ಬೇಕೆಂದೇ ಒಮ್ಮೆ ತಪ್ಪಾಗಿ ಇಟ್ಟು ನೋಡಿ, ಇಡೀ ತರಗತಿ ನಿಮ್ಮನ್ನು ತಿದ್ದಲು ಎದ್ದು ನಿಲ್ಲುತ್ತದೆ.

ಅಕ್ಷರಗಳ ವಿಷಯದಲ್ಲಿ ಅವಸರ ಬೇಡ

ನಾನು ತರಬೇತಿಯಲ್ಲಿದ್ದಾಗ ರಾತ್ರಿಯೆಲ್ಲಾ ಕುಳಿತು ಬಣ್ಣದ ಕಾಗದದಲ್ಲಿ ಎ ಯಿಂದ ಝಡ್‌ವರೆಗೆ ಚಾರ್ಟ್ ಮಾಡಿದ್ದೆ. ಮೂರು ವಾರ ಮಕ್ಕಳು ‘ಎ ಫಾರ್ ಆ್ಯಪಲ್’ ಎಂದು ಒಕ್ಕೊರಲಿನಿಂದ ಹೇಳಿದರು. ಒಂದು ದಿನ ಹಲಗೆಯ ಮೇಲೆ ‘ಬ್ಯಾಟ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ನಡುವಿನ ಅಕ್ಷರವನ್ನು ಕಡ್ಡಿಯಿಂದ ತೋರಿಸಿ ‘ಇದೇನು?’ ಎಂದು ಕೇಳಿದೆ. ಮುಂದಿನ ಸಾಲಿನಲ್ಲಿದ್ದ ಹುಡುಗ ಸ್ವಲ್ಪವೂ ತಡೆಯದೆ ‘ಆ್ಯಪಲ್ ಮಿಸ್’ ಎಂದ. ಆ ಮಗುವಿನ ತಪ್ಪೇನೂ ಇರಲಿಲ್ಲ. ಆ ಗೆರೆಗಳು ಸೇಬಿನ ಗುರುತು ಎಂದೇ ನಾನು ಅವನಿಗೆ ಕಲಿಸಿದ್ದೆ.

ಕನ್ನಡ ಅಕ್ಷರಮಾಲೆಯಲ್ಲಿ ಅಕ್ಷರದ ಹೆಸರು ಮತ್ತು ಅದರ ಧ್ವನಿ ಒಂದೇ. ‘ಗ’ ಎಂಬುದರ ಹೆಸರೂ ‘ಗ’, ಓದುವುದೂ ‘ಗ’. ಇಂಗ್ಲಿಷಿನ ಅಕ್ಷರಕ್ಕೆ ‘ಬಿ’ ಎಂಬ ಹೆಸರಿದ್ದರೂ ಪದದೊಳಗೆ ಅದು ‘ಬ್’ ಎಂದಷ್ಟೇ ಉಲಿಯುತ್ತದೆ. ಈ ಅಂತರವನ್ನು ದಾಟಿಸುವುದೇ ಓದು ಕಲಿಸುವ ಕೆಲಸದ ಮುಖ್ಯ ಭಾಗ. ಧ್ವನಿಯನ್ನು ಹೇಳಿಕೊಡುವಾಗ ‘ಬ’ ಎನ್ನದೆ, ಅಕಾರವಿಲ್ಲದ ‘ಬ್’ ಎನ್ನಿ. ನಲಿಕಲಿಯಲ್ಲಿ ಕನ್ನಡವನ್ನು ‘ಅ ಆ ಇ ಈ’ ಕ್ರಮದಲ್ಲಿ ಆರಂಭಿಸದೆ ‘ರ ಗ ಸ ದ ಅ’ ಎಂದು ಆರಂಭಿಸುವುದನ್ನು ನೀವು ನೋಡುತ್ತೀರಿ. ಐದು ಅಕ್ಷರ ಕಲಿತ ಕೂಡಲೇ ಮಗು ‘ಗರಗಸ’, ‘ಅರಸ’ ಎಂದು ಪದಗಳನ್ನು ಓದಬಲ್ಲದು. ಇಂಗ್ಲಿಷಿನಲ್ಲೂ ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳ ಧ್ವನಿಗಳಿಂದ ಆರಂಭಿಸಿದರೆ ‘ಪಿನ್’, ‘ಟಿನ್’, ‘ಸಿಟ್’, ‘ಪ್ಯಾನ್’ ಮೊದಲಾದ ಹತ್ತಾರು ಪದಗಳು ಕೈಗೆ ಸಿಗುತ್ತವೆ. ಇಂಗ್ಲಿಷ್ ಪದಗಳ ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಬರೆದುಕೊಡುವುದನ್ನು ನಾನು ಒಪ್ಪುವುದಿಲ್ಲ. ಮಗು ತನಗೆ ಸುಲಭವಾದ ಕನ್ನಡವನ್ನು ಓದಿ ಮುಗಿಸುತ್ತದೆ, ಮೇಲಿನ ಸಾಲಿನತ್ತ ಕಣ್ಣು ಹಾಯಿಸುವುದಿಲ್ಲ.

ಕನ್ನಡ ಎಲ್ಲಿ, ಇಂಗ್ಲಿಷ್ ಎಲ್ಲಿ

ತರಗತಿಯಲ್ಲಿ ಕನ್ನಡವನ್ನು ನಿಷೇಧಿಸಬೇಕೆಂದು ನಿಮಗೆ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಮಗು ಅಳುತ್ತಿದ್ದಾಗ, ಹೊಸ ಆಟದ ನಿಯಮ ಹೇಳುವಾಗ, ಮಗು ತನ್ನ ಮನೆಯ ಸುದ್ದಿ ಹೇಳಲು ಬಂದಾಗ ಕನ್ನಡವೇ ಇರಲಿ. ಸಾಧ್ಯವಿದ್ದರೆ ಮಗುವಿನ ಮನೆಮಾತಿನ ನಾಲ್ಕು ಪದಗಳೂ ಇರಲಿ. ಆದರೆ ಪ್ರತಿ ಇಂಗ್ಲಿಷ್ ವಾಕ್ಯದ ಬೆನ್ನಿಗೇ ಅದರ ಕನ್ನಡವನ್ನು ಹೇಳುವ ಅಭ್ಯಾಸ ಬೇಡ. ‘ಸಿಟ್ ಡೌನ್, ಕುಳಿತುಕೊಳ್ಳಿ’ ಎಂದು ದಿನವೂ ಹೇಳಿದರೆ ಮಕ್ಕಳು ಮೊದಲರ್ಧಕ್ಕೆ ಕಿವಿಗೊಡದೆ ಎರಡನೆಯದಕ್ಕೆ ಕಾಯುತ್ತಾರೆ. ದಿನವೂ ಮರುಕಳಿಸುವ ಕೆಲಸಗಳಿಗೆ, ಅಂದರೆ ಹಾಜರಿ, ಸಾಲು, ಕೈತೊಳೆಯುವುದು, ಕಾರ್ಡು ತೆಗೆದುಕೊಳ್ಳುವುದು, ಮನೆಗೆ ಹೊರಡುವುದು, ಇವುಗಳಿಗೆ ಇಂಗ್ಲಿಷ್ ವಾಕ್ಯಗಳನ್ನು ನಿಗದಿಪಡಿಸಿ, ಬದಲಿಸದೆ ಬಳಸಿ.

ಬಿಸಿಯೂಟದ ಸಾಲು ಇದಕ್ಕೆ ಅತ್ಯುತ್ತಮ ಜಾಗ. ಮೊಟ್ಟೆ ಕೊಡುವ ದಿನ ನಮ್ಮ ಶಾಲೆಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಅಡುಗೆಯವರ ಪಕ್ಕದಲ್ಲಿ ನಿಂತು, ಒಂದು ಕೈಯಲ್ಲಿ ಮೊಟ್ಟೆ, ಇನ್ನೊಂದು ಕೈಯಲ್ಲಿ ಬಾಳೆಹಣ್ಣು ಹಿಡಿದು, ಪ್ರತಿ ಮಗುವಿಗೂ ‘ಎಗ್ ಆರ್ ಬನಾನ?’ ಎಂದು ಕೇಳುತ್ತಿದ್ದರು. ಎರಡನೇ ತರಗತಿಯ ಒಬ್ಬ ಹುಡುಗಿ ಆರು ವಾರಗಳ ಕಾಲ ಬೆರಳು ತೋರಿಸುವುದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ. ಒಂದು ದಿನ ಸಾಲು ಅವಸರದಲ್ಲಿ ಸಾಗುತ್ತಿದ್ದಾಗ ಅವಳ ತಟ್ಟೆಗೆ ಮೊಟ್ಟೆ ಬಿತ್ತು. ಅವಳು ತಟ್ಟೆಯನ್ನು ಮುಂದಕ್ಕೆ ಚಾಚಿ ‘ನೋ ಯೆಗ್. ಬನಾನ’ ಎಂದಳು. ಪ್ರಶಿಕ್ಷಣಾರ್ಥಿ ಅವಳ ಉಚ್ಚಾರಣೆಯನ್ನಾಗಲಿ, ಅಪೂರ್ಣ ವಾಕ್ಯವನ್ನಾಗಲಿ ತಿದ್ದಲಿಲ್ಲ. ‘ಓ, ಯು ವಾಂಟ್ ಎ ಬನಾನ? ಹಿಯರ್ ಈಸ್ ಎ ಬನಾನ’ ಎಂದು ಹಣ್ಣನ್ನು ಕೈಗಿತ್ತರು. ಮಗುವಿನ ಮಾತನ್ನು ಸ್ವೀಕರಿಸಿ, ಅದೇ ಮಾತಿನ ಪೂರ್ಣರೂಪವನ್ನು ಸಹಜವಾಗಿ ಅದರ ಕಿವಿಗೆ ಹಾಕುವುದು ಈ ವಯಸ್ಸಿನಲ್ಲಿ ಸಾಕಾದಷ್ಟು ತಿದ್ದುಪಡಿ.

‘ಯೆಗ್’ ಎಂಬ ಉಚ್ಚಾರಣೆ ನಮ್ಮ ಆಡುಗನ್ನಡದಿಂದ ಬಂದದ್ದು. ನಾವು ‘ಎಲ್ಲಿ’ ಎಂಬುದನ್ನು ‘ಯೆಲ್ಲಿ’ ಎಂದೂ ‘ಒಂದು’ ಎಂಬುದನ್ನು ‘ವೊಂದು’ ಎಂದೂ ಆಡುತ್ತೇವೆ. ಮಕ್ಕಳನ್ನು ತಿದ್ದುವುದಕ್ಕಿಂತ ನಿಮ್ಮನ್ನು ನೀವು ತಿದ್ದಿಕೊಳ್ಳುವುದು ಇಲ್ಲಿ ಹೆಚ್ಚು ಫಲ ಕೊಡುತ್ತದೆ. ಹಿಂದಿನ ರಾತ್ರಿ ಮರುದಿನದ ಹತ್ತು ವಾಕ್ಯಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಕೊಳ್ಳಿ, ಅನುಮಾನವಿದ್ದ ಪದದ ಉಚ್ಚಾರಣೆಯನ್ನು ನಿಘಂಟಿನ ಆ್ಯಪ್‌ನಲ್ಲಿ ಪರೀಕ್ಷಿಸಿ.

ದಾಖಲೆಗಳ ವಿಷಯದಲ್ಲಿ ಹೇಳಬೇಕಾದ್ದು ಸ್ವಲ್ಪವೇ. ದಿನಕ್ಕೆ ಐದು ಮಕ್ಕಳನ್ನು ಮಾತ್ರ ಆರಿಸಿಕೊಂಡು, ಆ ದಿನ ಅವರು ಗ್ರಹಿಸಿದ್ದನ್ನು ಮತ್ತು ಆಡಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಿ. ವಾರ ಮುಗಿಯುವಷ್ಟರಲ್ಲಿ ಎಲ್ಲರ ಸರದಿಯೂ ಬಂದಿರುತ್ತದೆ. ಮೇಲ್ವಿಚಾರಕ ಉಪನ್ಯಾಸಕರು ಪಾಠ ನೋಡಲು ಬರುವ ದಿನಕ್ಕೆಂದು ಮಕ್ಕಳಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸಬೇಡಿ. ಕೆಟ್ಟುಹೋದ ಪಾಠವನ್ನು ಕೆಟ್ಟಿತೆಂದೇ ದಿನಚರಿಯಲ್ಲಿ ಬರೆದು, ಕಾರಣವನ್ನು ಮಾರ್ಗದರ್ಶಿ ಶಿಕ್ಷಕರೊಡನೆ ಕುಳಿತು ಚರ್ಚಿಸಿ. ಅಂತಹ ಪುಟಗಳನ್ನು ನಾನು ಯಾವಾಗಲೂ ಗೌರವದಿಂದ ಓದಿದ್ದೇನೆ.

ಕೊನೆಯ ವಾರದಲ್ಲಿ, ಬೀಳ್ಕೊಡುಗೆಯ ಹಾಡು ನೃತ್ಯಗಳ ಸಿದ್ಧತೆಯ ನಡುವೆಯೂ, ಒಂದು ಗಂಟೆ ಬಿಡುವು ಮಾಡಿಕೊಂಡು ಎರಡು ಹಾಳೆಗಳನ್ನು ಬರೆದು ತರಗತಿಯ ಶಿಕ್ಷಕರ ಕೈಗೆ ಕೊಡಿ. ಒಂದರಲ್ಲಿ ನೀವು ಬಳಸಿದ ನಿತ್ಯದ ವಾಕ್ಯಗಳು, ಅವುಗಳನ್ನು ಹೇಳುತ್ತಿದ್ದ ಸಂದರ್ಭಗಳೊಡನೆ ಇರಲಿ. ಇನ್ನೊಂದರಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಅದು ಈಗ ಎಲ್ಲಿದೆ ಎಂಬುದು ಒಂದೊಂದು ಸಾಲಿನಲ್ಲಿರಲಿ: ‘ಕೇಳಿ ಮಾಡುತ್ತಾಳೆ, ಇನ್ನೂ ಮಾತಿಲ್ಲ’; ‘ಆರು ಧ್ವನಿ ಗೊತ್ತು, ಜೋಡಿಸಲು ಬರುವುದಿಲ್ಲ’; ‘ಊಟದ ಸಾಲಿನಲ್ಲಿ ಮಾತ್ರ ಮಾತನಾಡುತ್ತಾನೆ’. ಮುಂದಿನ ಸೋಮವಾರ ನೀವಿಲ್ಲದ ತರಗತಿಯಲ್ಲಿ ಶಿಕ್ಷಕರು ಆ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡೇ ಹಾಜರಿ ಆರಂಭಿಸುತ್ತಾರೆ.